ಫೆಬ್ರವರಿಯಲ್ಲಿ ಒಕಾಲಾ ಕಾಡಿನಲ್ಲಿ ಐದು ರಾತ್ರಿ ಆರ್‌ವಿ ವಾಸ: ಅಪ್ಪಯ್ಯ, ಆಯಿ, ಇಬ್ಬರು ಮಕ್ಕಳ ಜೊತೆ – ಸಲಹೆ ಬೇಕು

ಶಿರಸಿಮೂಲ (ಆಗಸ್ಟ್ 2)

ಎಲ್ಲರಿಗೂ ನಮಸ್ಕಾರ. ನಾವು ಅಟ್ಲಾಂಟಾದ ಉತ್ತರ ಭಾಗದಲ್ಲಿ ನೆಲೆಸಿದ್ದೇವೆ. ಊರಿನಿಂದ ಅಪ್ಪಯ್ಯ ಮತ್ತು ಆಯಿ ಜನವರಿಯಲ್ಲಿ ಬಂದು ಮೂರು ತಿಂಗಳು ನಮ್ಮೊಡನೆ ಇರುವವರಿದ್ದಾರೆ. ಹಿಂದಿನ ಸಲ ಬಂದಾಗ ನಯಾಗರಾ, ನ್ಯೂಯಾರ್ಕ್, ಡಿಸ್ನಿ ಎಲ್ಲವನ್ನೂ ತೋರಿಸಿದ್ದೆವು. ಹಿಂದಿರುಗುವ ದಿನ ಅಪ್ಪಯ್ಯ, "ಎಲ್ಲವೂ ಚೆನ್ನಾಗಿತ್ತು, ಆದರೆ ಎಲ್ಲಿಯೂ ಕೂರಲು ಬಿಡಲಿಲ್ಲವಲ್ಲ" ಎಂದರು. ಆ ಮಾತು ಮನಸ್ಸಿನಲ್ಲಿ ಉಳಿದುಬಿಟ್ಟಿದೆ.

ಆದ್ದರಿಂದ ಈ ಸಲ ಫೆಬ್ರವರಿ ನಡುವೆ ಮಕ್ಕಳ ಶಾಲೆಗೆ ರಜೆ ಇರುವ ವಾರದಲ್ಲಿ ಆರ್‌ವಿ (ಒಲೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ಮನೆಗಾಡಿ) ಬಾಡಿಗೆಗೆ ಹಿಡಿದು, ಸಮುದ್ರ ತೀರವನ್ನು ಬಿಟ್ಟು, ಫ್ಲಾರಿಡಾದ ಒಳನಾಡಿನ ಕಾಡು ಮತ್ತು ನೀರಿನ ಬುಗ್ಗೆಗಳಿರುವ ಕಡೆಗೆ ಹೋಗೋಣವೆಂದುಕೊಂಡಿದ್ದೇವೆ. ಸದ್ಯದ ಯೋಜನೆ ಹೀಗಿದೆ: ಅಟ್ಲಾಂಟಾದಿಂದಲೇ 28 ಅಡಿಯ ಕ್ಲಾಸ್ ಸಿ ಗಾಡಿ (ನಾವೇ ಓಡಿಸಿಕೊಂಡು ಹೋಗುವ ಬಗೆಯ ಆರ್‌ವಿ); ಮೊದಲ ರಾತ್ರಿ ಒಕಾಲಾ ನ್ಯಾಷನಲ್ ಫಾರೆಸ್ಟ್, ಎರಡನೆಯದು ಬ್ಲೂ ಸ್ಪ್ರಿಂಗ್, ಮೂರನೆಯದು ಕಿಸಿಮ್ಮೀ ಪ್ರೇರಿ, ನಾಲ್ಕನೆಯದು ಓಕಿಚೋಬಿ ಕೆರೆಯ ದಂಡೆ, ಐದನೆಯದು ಮರಳಿ ಬರುವ ದಾರಿಯಲ್ಲಿ ಎಲ್ಲಾದರೂ. ಅಪ್ಪಯ್ಯನಿಗೆ 71 ವರ್ಷ, ನಡೆಯಲು ತೊಂದರೆಯಿಲ್ಲ. ಆಯಿಗೆ ಮೊಣಕಾಲು ನೋವು. ಮಕ್ಕಳಿಗೆ 12 ಮತ್ತು 8. ನಾನಾಗಲಿ ನನ್ನ ಹೆಂಡತಿಯಾಗಲಿ ಇದುವರೆಗೆ ಆರ್‌ವಿ ಓಡಿಸಿಲ್ಲ. ತಿಳಿದವರು ತಪ್ಪುಗಳನ್ನು ತೋರಿಸಿಕೊಡಬೇಕಾಗಿ ವಿನಂತಿ.

ಟ್ಯಾಂಪಾವಾಸಿ (ಆಗಸ್ಟ್ 2)

ಶಿರಸಿಯವರೇ, ನಿಮ್ಮ ತಂದೆಯವರು ಹೇಳಿದ ಮಾತನ್ನು ಬರೆದು, ಅದರ ಕೆಳಗೇ ಐದು ರಾತ್ರಿಗೆ ಐದು ಊರುಗಳ ಪಟ್ಟಿಯನ್ನು ಕೊಟ್ಟಿದ್ದೀರಿ. ಇಲ್ಲಿಯೂ ಅವರನ್ನು ಕೂರಲು ಬಿಡುವ ಲಕ್ಷಣ ನನಗೆ ಕಾಣುತ್ತಿಲ್ಲ.

ಒಂಬತ್ತು ವರ್ಷಗಳಿಂದ ಸ್ವಂತ ಟ್ರೇಲರ್ (ಬೇರೆ ವಾಹನದ ಹಿಂದೆ ಕಟ್ಟಿ ಎಳೆಯುವ ಆರ್‌ವಿ) ಇಟ್ಟುಕೊಂಡಿರುವವನಾಗಿ ಹೇಳುತ್ತೇನೆ. ಆರ್‌ವಿ ಒಂದು ಜಾಗಕ್ಕೆ ತಲುಪಿತೆಂದರೆ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಗಾಡಿಯನ್ನು ಹಿಂದಕ್ಕೆ ತೆಗೆದು ಸೈಟಿನೊಳಗೆ (ಕ್ಯಾಂಪಿನಲ್ಲಿ ನಮಗೆ ಕೊಟ್ಟ ಜಾಗದೊಳಗೆ) ನಿಲ್ಲಿಸಬೇಕು, ಚಕ್ರದ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡಬೇಕು, ಕರೆಂಟು ಮತ್ತು ನೀರು ಜೋಡಿಸಬೇಕು, ಕೊಳೆನೀರಿನ ಕೊಳವೆ ಹಾಕಬೇಕು. ಮಾರನೆಯ ಬೆಳಿಗ್ಗೆ ಹೊರಡುವಾಗ ಇದೆಲ್ಲವನ್ನೂ ತಿರುವುಮುರುವಾಗಿ ಮಾಡಿ, ಒಳಗಿನ ಒಂದೊಂದು ಪಾತ್ರೆಯೂ ಬಾಗಿಲು ತೆರೆದು ಬೀಳದಂತೆ ಭದ್ರಪಡಿಸಬೇಕು. ಹೊಸಬರಿಗೆ ಎರಡೂ ಸೇರಿ ದಿನಕ್ಕೆ ಮೂರು ಗಂಟೆ ಹಿಡಿಯುತ್ತದೆ. ಐದು ದಿನವೂ ಇದನ್ನೇ ಮಾಡಿದರೆ ನೀವು ಕಾಡು ನೋಡುವುದಿಲ್ಲ, ಕೊಳವೆ ನೋಡುತ್ತೀರಿ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯವಾದದ್ದು. ಆರ್‌ವಿಯೊಂದನ್ನೇ ತೆಗೆದುಕೊಂಡು ಹೋದರೆ, ಹಾಲು ತರಬೇಕಾದರೂ ಮನೆಯನ್ನೇ ಕಿತ್ತುಕೊಂಡು ಹೋಗಬೇಕು. ಜೊತೆಗೆ ಅಟ್ಲಾಂಟಾದಿಂದ ಒಕಾಲಾ ಕಡೆಗೆ ಸುಮಾರು 370 ಮೈಲಿ. ಈ ಗಾಡಿಗಳು ಗ್ಯಾಲನ್‌ಗೆ 8ರಿಂದ 10 ಮೈಲಿ ಓಡಿದರೆ ಹೆಚ್ಚು. ಹೋಗಿಬರಲು 80 ಗ್ಯಾಲನ್ ಪೆಟ್ರೋಲು ಬೇಕು, ಅದೂ ಐ-75 ಹೆದ್ದಾರಿಯಲ್ಲಿ ಲಾರಿಗಳ ನಡುವೆ ಮೊದಲ ಸಲ ಓಡಿಸುತ್ತಾ.

ನನ್ನ ಸಲಹೆ: ನಿಮ್ಮ ಕಾರಿನಲ್ಲಿಯೇ ಬನ್ನಿ. ಬಾಡಿಗೆಗೆ ಕೊಡುವ ಎಷ್ಟೋ ಟ್ರೇಲರ್ ಮಾಲೀಕರು ಗಾಡಿಯನ್ನು ತಾವೇ ಕ್ಯಾಂಪಿಗೆ ಎಳೆದು ತಂದು, ನಿಲ್ಲಿಸಿ, ಜೋಡಿಸಿಕೊಟ್ಟು ಹೋಗುತ್ತಾರೆ. ಕೊನೆಯ ದಿನ ಬಂದು ಎಳೆದುಕೊಂಡು ಹೋಗುತ್ತಾರೆ. ಇದಕ್ಕೆ ಕ್ಯಾಂಪಿನವರ ಒಪ್ಪಿಗೆ ಇದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಐದು ರಾತ್ರಿಯೂ ಒಂದೇ ಕಡೆ ಇರಿ. ಆ ಒಂದು ಕಡೆ ಒಕಾಲಾ ಕಾಡಿನೊಳಗಿನ ಸಾಲ್ಟ್ ಸ್ಪ್ರಿಂಗ್ಸ್ ಕ್ಯಾಂಪ್ ಆಗಿರಲಿ.

ಹುಬ್ಬಳ್ಳಿಹುಡುಗ (ಆಗಸ್ಟ್ 3)

ವಿರೋಧದ ಮಾತಾದರೂ ಹೇಳಿಬಿಡುತ್ತೇನೆ. ಬಾಡಿಗೆ, ಶುಚಿಗೊಳಿಸುವ ಶುಲ್ಕ, ವಿಮೆ, ತಂದುಕೊಡುವ ಖರ್ಚು, ಸೈಟಿನ ಬಾಡಿಗೆ ಎಲ್ಲವನ್ನೂ ಕೂಡಿಸಿದರೆ ಒಳ್ಳೆಯ ಹೋಟೆಲಿನ ಎರಡು ಕೋಣೆಗಳ ದರವೇ ಆಗುತ್ತದೆ. ಒಕಾಲಾ ಪಟ್ಟಣದ ಪಕ್ಕದ ಸಿಲ್ವರ್ ಸ್ಪ್ರಿಂಗ್ಸ್ ಸ್ಟೇಟ್ ಪಾರ್ಕಿನಲ್ಲಿ ಮರದ ಕ್ಯಾಬಿನ್‌ಗಳಿವೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಗೋಡೆ, ಛಾವಣಿ, ದೊಡ್ಡ ಬಚ್ಚಲುಮನೆ ಇರುವುದೇ ಕ್ಷೇಮವಲ್ಲವೇ?

ಶಿರಸಿಮೂಲ (ಆಗಸ್ಟ್ 3)

ಖರ್ಚಿನ ವಿಷಯದಲ್ಲಿ ನೀವು ಹೇಳಿದ್ದು ಸರಿ, ಲೆಕ್ಕ ಹಾಕಿ ನೋಡಿದೆ. ಆದರೆ ನಮ್ಮ ಮನೆಯವರು ಹೊರಗಿನ ಊಟ ಮಾಡುವುದಿಲ್ಲ. ಆಯಿಗೆ ತನ್ನ ಒಲೆ, ತನ್ನ ಪಾತ್ರೆ ಇದ್ದರೆ ನೆಮ್ಮದಿ. ಅಪ್ಪಯ್ಯ ಬೆಳಿಗ್ಗೆ ಐದಕ್ಕೆ ಎದ್ದು, ಚಹಾ ಕುಡಿದು, ಬಾಗಿಲು ತೆರೆದರೆ ನೇರವಾಗಿ ಮರದ ಕೆಳಗೆ ಕಾಲಿಡಬೇಕೆನ್ನುವವರು. ಕ್ಯಾಬಿನ್‌ಗಳಿಗೆ ಕೇಳಿದೆ, ಆ ವಾರ ಖಾಲಿಯಿಲ್ಲ. ಟ್ಯಾಂಪಾವಾಸಿಯವರ ಮಾತಿಗೆ ತಲೆಬಾಗಿದ್ದೇನೆ: ಒಂದೇ ಜಾಗ. ಆದರೆ ಸಾಲ್ಟ್ ಸ್ಪ್ರಿಂಗ್ಸೇ ಏಕೆ? ಚಿತ್ರಗಳಲ್ಲಿ ಅದೇ ಕಾಡಿನ ಜೂನಿಪರ್ ಸ್ಪ್ರಿಂಗ್ಸ್ ಹೆಚ್ಚು ಸುಂದರವಾಗಿ ಕಾಣುತ್ತದೆ.

ಟ್ಯಾಂಪಾವಾಸಿ (ಆಗಸ್ಟ್ 3)

ಜೂನಿಪರ್ ಸುಂದರವೇ. ಆದರೆ ಅಲ್ಲಿ ಮತ್ತು ಅಲೆಕ್ಸಾಂಡರ್ ಸ್ಪ್ರಿಂಗ್ಸ್‌ನಲ್ಲಿ ಸೈಟುಗಳಿಗೆ ಕರೆಂಟು, ನೀರು, ಒಳಚರಂಡಿಯ ಜೋಡಣೆ ಇಲ್ಲ. ಸಾಲ್ಟ್ ಸ್ಪ್ರಿಂಗ್ಸ್‌ನಲ್ಲಿ ಮೂರೂ ಇರುವ ಫುಲ್ ಹುಕಪ್ ಸೈಟುಗಳಿವೆ. ಆರು ಜನ, ಅದರಲ್ಲಿ ಇಬ್ಬರು ಹಿರಿಯರು, ಮೊದಲ ಅನುಭವ: ಇದಕ್ಕೆ ಫುಲ್ ಹುಕಪ್ ಬಿಟ್ಟು ಬೇರೆ ಯೋಚನೆ ಬೇಡ. ಜೂನಿಪರ್ ಅರ್ಧ ಗಂಟೆಯೊಳಗಿನ ದಾರಿ, ಕಾರಿನಲ್ಲಿ ಎಷ್ಟು ಸಲ ಬೇಕಾದರೂ ಹೋಗಿಬನ್ನಿ.

ಹಿತ್ತಲಗಿಡ (ಆಗಸ್ಟ್ 4)

ನಾನು ಗೇನ್ಸ್‌ವಿಲ್‌ನಲ್ಲಿರುವವಳು, ಈ ಕಾಡಿಗೆ ಗಿಡಗಳನ್ನು ನೋಡುವ ಹುಚ್ಚಿನಿಂದ ವರ್ಷಕ್ಕೆ ನಾಲ್ಕೈದು ಸಲ ಹೋಗುತ್ತೇನೆ. ಶಿರಸಿ ಕಡೆಯವರು ಕರೆದುಕೊಂಡು ಹೋಗುವ ಮೊದಲು ಹಿರಿಯರಿಗೆ ಒಂದು ವಿಷಯವನ್ನು ತಿಳಿಸಿಟ್ಟರೆ ಒಳ್ಳೆಯದು. ಒಕಾಲಾ ಎಂದರೆ ನಮ್ಮ ಮಲೆನಾಡಿನ ಕಾಡಿನ ಹಾಗೆ ಹೆಜ್ಜೆ ಇಡಲೂ ಜಾಗವಿಲ್ಲದ ಹಸಿರು ಕತ್ತಲೆಯಲ್ಲ. ಇದರ ಬಹುಭಾಗ ಬಿಳಿ ಮರಳಿನ ಮೇಲೆ ಬೆಳೆದ ಕುರುಚಲು ಕಾಡು. ಸ್ಯಾಂಡ್ ಪೈನ್ ಎಂಬ ಪೈನ್ ಮರ ಮತ್ತು ಆಳೆತ್ತರದ ಓಕ್ ಪೊದೆಗಳು ಇಲ್ಲಿ ಪ್ರಪಂಚದಲ್ಲೆಲ್ಲೂ ಇಲ್ಲದಷ್ಟು ವಿಸ್ತಾರವಾಗಿ ಒಂದೇ ಹರವಿನಲ್ಲಿ ಹಬ್ಬಿವೆ. ಮೊದಲ ನೋಟಕ್ಕೆ "ಇದೇನು ಬೇಣವೋ ಕಾಡೋ" ಎಂದು ಅಪ್ಪಯ್ಯನವರು ಕೇಳಿದರೆ ಆಶ್ಚರ್ಯವಿಲ್ಲ.

ಆದರೆ ಆ ಬೋಳು ಮರಳಿನಲ್ಲಿಯೇ ಇಡೀ ಕಾಡಿನ ಗುಟ್ಟು ಇದೆ. ಬಿದ್ದ ಮಳೆ ಮೇಲೆ ಹರಿಯುವುದೇ ಇಲ್ಲ; ಮರಳಿನಲ್ಲಿ ಇಳಿದು, ಕೆಳಗಿನ ಸುಣ್ಣಕಲ್ಲಿನ ಪೊಟರೆಗಳಲ್ಲಿ ತುಂಬಿ, ಒತ್ತಡದಿಂದ ದಾರಿ ಸಿಕ್ಕ ಕಡೆ ಬುಗ್ಗೆಯಾಗಿ ಮೇಲೇಳುತ್ತದೆ. ನೆಲದಾಳದಿಂದ ಬರುವುದರಿಂದ ವರ್ಷವಿಡೀ ನೀರಿನ ಉಷ್ಣತೆ ಸುಮಾರು 72 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 22 ಸೆಲ್ಸಿಯಸ್. ಊರಿನ ಬಾವಿಯ ನೀರು ಚಳಿಗಾಲದ ಬೆಳಿಗ್ಗೆ ಬೆಚ್ಚಗೆನಿಸುತ್ತದಲ್ಲ, ಇದೂ ಹಾಗೆಯೇ. ಫೆಬ್ರವರಿಯ ತಣ್ಣನೆಯ ಮುಂಜಾನೆ ಬುಗ್ಗೆಯ ಮೇಲೆ ಹಬೆಯಾಡುವುದನ್ನು ನೋಡಲು ಹೋಗಿ.

ಜೂನಿಪರ್ ಸ್ಪ್ರಿಂಗ್ಸ್‌ನ ಕಲ್ಲುಕಟ್ಟಿದ ಕೊಳ ಮತ್ತು ನೀರಿನ ಚಕ್ರವಿರುವ ಪುಟ್ಟ ಗಿರಣಿ ಮನೆ 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಸರ್ಕಾರವು ನಿರುದ್ಯೋಗಿ ಯುವಕರಿಂದ ಕಟ್ಟಿಸಿದವು. ಎಲ್ಲರೂ ಅಲ್ಲಿ ನಿಂತು ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ನೀವು ಹಾಗೆ ಮಾಡಬೇಡಿ. ಪಕ್ಕದ ಕಾಲುದಾರಿಯಲ್ಲಿ ಸ್ವಲ್ಪವೇ ನಡೆದರೆ ಫರ್ನ್ ಹ್ಯಾಮಕ್ ಎಂಬ ಬುಗ್ಗೆಗಳ ಗುಂಪು ಸಿಗುತ್ತದೆ. ಅಲ್ಲಿ ಇಳಿದು ಈಜುವಂತಿಲ್ಲ, ಆದ್ದರಿಂದ ಗದ್ದಲವಿಲ್ಲ. ಮರದ ಸಣ್ಣ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ, ಹಸಿರುನೀಲಿ ನೀರಿನ ತಳದಲ್ಲಿ ಬಿಳಿ ಮರಳು ಗಂಜಿ ಕುದಿಯುವಂತೆ ಒಂದೇ ಸಮನೆ ಉಕ್ಕುತ್ತಿರುತ್ತದೆ. ಸದ್ದು ಮಾತ್ರ ಇರುವುದಿಲ್ಲ. ಆಯಿಯವರ ಮೊಣಕಾಲಿಗೂ ಅಷ್ಟು ದೂರ ಕಷ್ಟವಾಗಲಾರದು.

ಸದ್ದಿನ ಮಾತು ಬಂದದ್ದರಿಂದ ಹೇಳುತ್ತೇನೆ. ಈ ಕಾಡಿನ ಒಳಗೇ ಪೈನ್‌ಕ್ಯಾಸಲ್ ಎಂಬ ಅಮೆರಿಕದ ನೌಕಾಪಡೆಯ ಬಾಂಬ್ ಅಭ್ಯಾಸದ ಮೈದಾನವಿದೆ. ಅಭ್ಯಾಸವಿರುವ ದಿನಗಳಲ್ಲಿ ದೂರದಿಂದ ಗುಡುಗಿನಂಥ ಸದ್ದು ಕೇಳಿಸಿ, ಕಿಟಕಿ ಸಣ್ಣಗೆ ಅದುರುತ್ತದೆ. ಪ್ರಶಾಂತವಾದ ಜಾಗವೆಂದು ಕರೆದುಕೊಂಡು ಹೋದಿರಿ, ರಾತ್ರಿ ಹೀಗಾಯಿತು ಎಂದು ಯಾರೂ ಗಾಬರಿಯಾಗದಿರಲಿ. ವರ್ಷದ ಬಹುಪಾಲು ದಿನ ಅಲ್ಲಿ ಗೂಬೆಯ ಕೂಗೇ ದೊಡ್ಡ ಸದ್ದು.

ಮೂವತ್ತು_ಆಂಪ್ (ಆಗಸ್ಟ್ 5)

ಕರೆಂಟಿನ ಲೆಕ್ಕವನ್ನು ಯಾರೂ ಹೇಳದ ಕಾರಣ ನಾನು ಹೇಳುತ್ತೇನೆ, ಏಕೆಂದರೆ ನಮ್ಮವರ ಆರ್‌ವಿ ಪ್ರವಾಸಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಮಧ್ಯಮ ಗಾತ್ರದ ಟ್ರೇಲರ್‌ಗಳಲ್ಲಿ ಸಾಮಾನ್ಯವಾಗಿ 30 ಆಂಪ್ ಜೋಡಣೆ ಇರುತ್ತದೆ. 120 ವೋಲ್ಟ್‌ಗೆ 30 ಆಂಪ್ ಎಂದರೆ ಇಡೀ ಮನೆಗೆ 3600 ವಾಟ್, ಅಷ್ಟೇ. ಕೋಣೆ ಬಿಸಿಮಾಡುವ ವಿದ್ಯುತ್ ಹೀಟರ್ ಒಂದಕ್ಕೇ 1500 ವಾಟ್. ನೀರು ಕಾಯಿಸುವ ಕೆಟಲ್‌ಗೆ ಮತ್ತೆ 1500. ಅದೇ ಹೊತ್ತಿಗೆ ಯಾರಾದರೂ ಮೈಕ್ರೋವೇವ್ ಒತ್ತಿದರೋ ಬ್ರೇಕರ್ ಬಿದ್ದು ಕತ್ತಲೆ. ಆದ್ದರಿಂದ ಒಂದು ಸರಳ ನಿಯಮ ಮಾಡಿಕೊಳ್ಳಿ: ಬಿಸಿ ಮಾಡುವ ಉಪಕರಣಗಳಲ್ಲಿ ಒಮ್ಮೆಗೆ ಎರಡಕ್ಕಿಂತ ಹೆಚ್ಚು ಓಡಬಾರದು. ಕುಕ್ಕರ್, ಚಹಾ, ಸಾರು ಎಲ್ಲವನ್ನೂ ಗ್ಯಾಸ್ ಒಲೆಯ ಮೇಲೆ ಮಾಡಿ. ಊರಿನಿಂದ ತಂದ 230 ವೋಲ್ಟಿನ ಮಿಕ್ಸಿ ಅಲ್ಲಿ ಕೆಲಸಕ್ಕೆ ಬಾರದು. ಚಟ್ನಿಪುಡಿ, ಸಾರಿನಪುಡಿಗಳನ್ನು ಮನೆಯಿಂದಲೇ ಒಯ್ಯಿರಿ.

ಕ್ಯಾಂಪಿನ ಕಂಬದ ಸಾಕೆಟ್‌ಗೆ ನೇರವಾಗಿ ತಂತಿ ಸಿಕ್ಕಿಸುವ ಮೊದಲು ಸರ್ಜ್ ಪ್ರೊಟೆಕ್ಟರ್ (ಕರೆಂಟಿನ ಏರುಪೇರಿನಿಂದ ಗಾಡಿಯನ್ನು ಕಾಯುವ ಸಾಧನ) ಹಾಕಿ. ಗಾಡಿಯ ಮಾಲೀಕರ ಬಳಿ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಅದೊಂದನ್ನು ನೀವೇ ಕೊಳ್ಳುವುದು ಲೇಸು. ಎರಡು ವರ್ಷಗಳ ಹಿಂದೆ ಬೇರೊಂದು ರಾಜ್ಯದ ಕ್ಯಾಂಪಿನಲ್ಲಿ ಕಂಬದ ವೈರಿಂಗ್ ದೋಷದಿಂದ ನಮ್ಮ ಬಾಡಿಗೆ ಗಾಡಿಯ ಫ್ರಿಜ್ ಕೆಟ್ಟಿತು. ತಪ್ಪು ಯಾರದೆಂದು ಕ್ಯಾಂಪಿನವರೂ ಗಾಡಿಯವರೂ ಒಬ್ಬರ ಮೇಲೊಬ್ಬರು ಹಾಕಿ, ಕೊನೆಗೆ ಠೇವಣಿ ಕಳೆದುಕೊಂಡವನು ನಾನು. ಗಾಡಿ ವಶಕ್ಕೆ ಬಂದ ಕೂಡಲೇ ಒಳಹೊರಗು ವಿಡಿಯೊ ಮಾಡಿಟ್ಟುಕೊಳ್ಳಿ.

ಅಜ್ಜಿಮನೆ (ಆಗಸ್ಟ್ 6)

ಕಳೆದ ವರ್ಷ ಇದೇ ಸಾಲ್ಟ್ ಸ್ಪ್ರಿಂಗ್ಸ್‌ಗೆ ಅತ್ತೆ, ಮಾವ ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆವು. ಮೇಲಿನವರು ಹೇಳದೆ ಬಿಟ್ಟದ್ದನ್ನು ಬರೆಯುತ್ತೇನೆ. ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಗಾಡಿ ಆಯ್ಕೆ ಮಾಡುವಾಗ "ಆರು ಜನ ಮಲಗಬಹುದು" ಎಂಬ ಸಾಲನ್ನು ನಂಬಬೇಡಿ. ಆ ಆರರಲ್ಲಿ ಇಬ್ಬರದು ಊಟದ ಮೇಜನ್ನು ಮಡಚಿ ಮಾಡುವ ಹಾಸಿಗೆ, ಇನ್ನಿಬ್ಬರದು ಏಣಿ ಹತ್ತುವ ಅಟ್ಟ. ಹಿರಿಯರಿಗೆ ಸುತ್ತಲೂ ನಡೆದಾಡಲು ಜಾಗವಿರುವ, ನೆಲಮಟ್ಟದ ಹಾಸಿಗೆಯ ಕೋಣೆ ಇರಬೇಕು. ಒಂದು ಕಡೆ ಗೋಡೆಗೆ ಒತ್ತಿದ ಹಾಸಿಗೆಯಾದರೆ ರಾತ್ರಿ ಏಳಬೇಕಾದಾಗ ಒಬ್ಬರು ಇನ್ನೊಬ್ಬರನ್ನು ದಾಟಬೇಕಾಗುತ್ತದೆ. ಬಾಗಿಲಿನ ಮೆಟ್ಟಿಲುಗಳು ಎತ್ತರ ಮತ್ತು ಕಿರಿದು. ನಾವು ಅಗಲವಾದ ಒಂದು ಪ್ಲಾಸ್ಟಿಕ್ ಮೆಟ್ಟಿಲು ಕೊಂಡು ಕೆಳಗಿಟ್ಟೆವು. ಅತ್ತೆಯವರು ಇಡೀ ಪ್ರವಾಸದಲ್ಲಿ ಮೆಚ್ಚಿಕೊಂಡ ವಸ್ತು ಅದೊಂದೇ.

ಶೌಚಾಲಯದ ವಿಷಯವನ್ನು ಸಂಕೋಚವಿಲ್ಲದೆ ಮೊದಲೇ ಮಾತಾಡಿಬಿಡಿ. ಗಾಡಿಯಲ್ಲಿ ಕೊಳೆನೀರು ತುಂಬಿಕೊಳ್ಳುವ ಎರಡು ಟ್ಯಾಂಕುಗಳಿರುತ್ತವೆ: ಪಾಯಿಖಾನೆಯದು ಬ್ಲ್ಯಾಕ್ ಟ್ಯಾಂಕ್, ಸಿಂಕು ಮತ್ತು ಸ್ನಾನದ್ದು ಗ್ರೇ ಟ್ಯಾಂಕ್. ಫುಲ್ ಹುಕಪ್ ಇದೆಯೆಂದು ಬ್ಲ್ಯಾಕ್ ಟ್ಯಾಂಕಿನ ಕವಾಟವನ್ನು ತೆರೆದೇ ಇಡುವ ತಪ್ಪನ್ನು ಹೊಸಬರೆಲ್ಲ ಮಾಡುತ್ತಾರೆ. ಹಾಗೆ ಮಾಡಿದರೆ ನೀರೆಲ್ಲ ಹರಿದುಹೋಗಿ, ಗಟ್ಟಿಯದು ಒಳಗೆ ಗುಡ್ಡೆ ಕಟ್ಟುತ್ತದೆ. ಕವಾಟ ಮುಚ್ಚಿಟ್ಟು, ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಒಮ್ಮೆಗೇ ಬಿಡಬೇಕು. ಅದಾದ ಮೇಲೆ ಗ್ರೇ ಟ್ಯಾಂಕ್ ಬಿಟ್ಟರೆ ಸಾಬೂನಿನ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಚೊಂಬು ಬಳಸುವ ನಮ್ಮ ಅಭ್ಯಾಸ ಇಲ್ಲಿ ಉಪಕಾರಿಯೇ, ಆ ಟ್ಯಾಂಕಿಗೆ ನೀರು ಹೆಚ್ಚಾದಷ್ಟೂ ಒಳ್ಳೆಯದು. ಸಿಂಕಿಗೆ ಮಾತ್ರ ಅನ್ನದ ಅಗುಳು, ಕರಿಬೇವು, ಹುಣಸೆ ಸಿಪ್ಪೆ ಇಳಿಯದಂತೆ ಜಾಲರಿ ಇಡಿ. ಎಣ್ಣೆ ಜಿಡ್ಡಿನ ಪಾತ್ರೆಯನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ತೊಳೆಯಿರಿ.

ಒಗ್ಗರಣೆ: ಒಳಗೆ ಹಾಕಲೇಬೇಡಿ. ಛಾವಣಿಯ ಫ್ಯಾನ್ ಹಾಕಿ, ಕಿಟಕಿ ತೆರೆದು, ಹುಷಾರಾಗಿಯೇ ಒಣಮೆಣಸಿನಕಾಯಿ ಹಾಕಿದೆ. ಹತ್ತು ಸೆಕೆಂಡಿನಲ್ಲಿ ಹೊಗೆಯ ಅಲಾರಂ ಕಿರುಚಿ, ಪಕ್ಕದ ಸೈಟಿನ ಮುದುಕರೊಬ್ಬರು ಅಗ್ನಿಶಾಮಕ ಹಿಡಿದುಕೊಂಡು ಓಡಿಬಂದರು. ಅವರಿಗೆ ಆ ದಿನ ಸಂಜೆ ಬಿಸಿಬೇಳೆಭಾತ್ ಕೊಟ್ಟು ಸಮಾಧಾನ ಮಾಡಿದೆವು. ಮಾರನೆಯ ದಿನದಿಂದ ಹೊರಗಿನ ಮೇಜಿನ ಮೇಲೆ ಸಣ್ಣ ಕ್ಯಾಂಪ್ ಸ್ಟೌ ಇಟ್ಟು ಒಗ್ಗರಣೆ.

ಆದರೆ ಹೊರಗೆ ಅಡುಗೆ ಮಾಡಿದರೆ ಒಂದು ತುಣುಕನ್ನೂ ಬಿಡುವಂತಿಲ್ಲ, ಏಕೆಂದರೆ ಫ್ಲಾರಿಡಾದಲ್ಲಿ ಕಪ್ಪು ಕರಡಿಗಳು ಅತಿ ಹೆಚ್ಚಾಗಿರುವ ಕಡೆಗಳಲ್ಲಿ ಈ ಕಾಡೂ ಒಂದು. ಇಲ್ಲಿನ ಕರಡಿಗಳು ಉತ್ತರದವುಗಳ ಹಾಗೆ ಚಳಿಗಾಲವಿಡೀ ಮಲಗಿಬಿಡುವುದಿಲ್ಲ. ಅಕ್ಕಿ ಚೀಲ, ಎಣ್ಣೆ ಡಬ್ಬಿ, ಕಸದ ಚೀಲ, ಐಸ್ ಪೆಟ್ಟಿಗೆ ಎಲ್ಲವೂ ರಾತ್ರಿ ಗಾಡಿಯೊಳಗೆ ಅಥವಾ ಕಾರಿನೊಳಗೆ ಇರಬೇಕು. ನಮ್ಮ ಮಾವನವರಿಗೆ ಊಟಕ್ಕೆ ಮೊದಲು ಕಾಗೆಗೆ ಅನ್ನವಿಡುವ ಅಭ್ಯಾಸ; ಅತ್ತೆಯವರಿಗೆ ಬಾಗಿಲ ಮುಂದೆ ಅಕ್ಕಿಹಿಟ್ಟಿನ ರಂಗೋಲಿ. ಎರಡನ್ನೂ ಅಲ್ಲಿ ನಿಲ್ಲಿಸಬೇಕಾಯಿತು. ಕಾಡುಪ್ರಾಣಿಗಳಿಗೆ ಆಹಾರ ಹಾಕುವುದು ನಿಯಮಕ್ಕೆ ವಿರುದ್ಧ. ಹಿಟ್ಟಿನ ರಂಗೋಲಿಗೆ ಬೆಂಕಿ ಇರುವೆಗಳು ಸಾಲುಗಟ್ಟುತ್ತವೆ, ಅವು ಕಚ್ಚಿದ ಕಡೆ ಮೂರು ದಿನ ಬೊಕ್ಕೆ. ಸೀಮೆಸುಣ್ಣದಲ್ಲಿ ರಂಗೋಲಿ ಹಾಕಿ ತೃಪ್ತಿಪಟ್ಟರು.

ಶಿರಸಿಮೂಲ (ಆಗಸ್ಟ್ 7)

ಅಕ್ಕ, ಅನಂತ ಧನ್ಯವಾದಗಳು. ನಿಮ್ಮ ಬರಹವನ್ನು ಆಯಿಗೆ ಫೋನಿನಲ್ಲಿ ಓದಿ ಹೇಳಿದೆ. ಕರಡಿಯ ಸುದ್ದಿಗೆ ಹೆದರಲಿಲ್ಲ, "ನಮ್ಮ ತೋಟಕ್ಕೂ ಬರುತ್ತದೆ" ಎಂದರು. ರಂಗೋಲಿ ಹಾಕುವಂತಿಲ್ಲ ಎಂದದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಾದರು.

ಇನ್ನು ಮೂರು ಪ್ರಶ್ನೆಗಳು. ಒಂದು, ಮೊಸಳೆಗಳಿರುವ ನೀರಿನಲ್ಲಿ ಮಕ್ಕಳನ್ನು ಈಜಲು ಬಿಡಬಹುದೇ? ಎರಡು, ಕಾರಿನಲ್ಲಿ ಒಂದು ದಿನ ಹೋಗಿಬರುವಂಥದ್ದು ಯಾವುದು? ಮೂರು, ಬುಕಿಂಗ್ ಯಾವಾಗ?

ಟ್ಯಾಂಪಾವಾಸಿ (ಆಗಸ್ಟ್ 7)

ಮೂರನೆಯದಕ್ಕೆ ಮೊದಲು ಉತ್ತರ, ಏಕೆಂದರೆ ನಿಮಗೆ ಉಳಿದಿರುವುದು ಕೆಲವೇ ದಿನ. ಈ ಕೇಂದ್ರ ಸರ್ಕಾರದ ಕ್ಯಾಂಪುಗಳ ಸೈಟುಗಳು ಸಾಮಾನ್ಯವಾಗಿ ಆರು ತಿಂಗಳು ಮುಂಚೆ ರಿಕ್ರಿಯೇಷನ್ ಡಾಟ್ ಗವ್ ತಾಣದಲ್ಲಿ ತೆರೆದುಕೊಳ್ಳುತ್ತವೆ. ಫೆಬ್ರವರಿ ನಡುವಿನ ದಿನಗಳಿಗೆ ಆಗಸ್ಟ್ ನಡುವೆ. ಫೆಬ್ರವರಿಯ ಮೂರನೆಯ ಸೋಮವಾರ ಪ್ರೆಸಿಡೆಂಟ್ಸ್ ಡೇ ರಜೆ. ಅದರ ಹಿಂದಿನ ಶುಕ್ರವಾರ, ಶನಿವಾರಗಳು ತೆರೆದ ಕೂಡಲೇ ತುಂಬಿಹೋಗುತ್ತವೆ. ನೀವು ಭಾನುವಾರದಿಂದ ಶುಕ್ರವಾರದವರೆಗೆ ಹಿಡಿದರೆ ಸಿಗುವ ಸಾಧ್ಯತೆ ಹೆಚ್ಚು, ಗದ್ದಲವೂ ಕಡಿಮೆ. ಖಾತೆಯನ್ನು ಮೊದಲೇ ತೆರೆದು, ಇಷ್ಟವಾದ ನಾಲ್ಕೈದು ಸೈಟುಗಳ ಉದ್ದವನ್ನು ಗಾಡಿಯ ಉದ್ದದೊಂದಿಗೆ ಹೋಲಿಸಿ ಬರೆದಿಟ್ಟುಕೊಂಡು ಕಾಯಿರಿ. ಸ್ಟೇಟ್ ಪಾರ್ಕುಗಳ ಲೆಕ್ಕ ಬೇರೆ: ಅಲ್ಲಿ 2024ರಿಂದ ಫ್ಲಾರಿಡಾ ನಿವಾಸಿಗಳಿಗೆ 11 ತಿಂಗಳು ಮುಂಚೆ, ಹೊರರಾಜ್ಯದವರಿಗೆ 10 ತಿಂಗಳು ಮುಂಚೆ ತೆರೆಯುತ್ತದೆ. ನಿಮಗೆ ಕ್ಯಾಬಿನ್ ಸಿಗದಿರಲು ಇದೂ ಕಾರಣವಿರಬಹುದು.

ಮೊಸಳೆ: ಇಲ್ಲಿರುವುದು ಆಲಿಗೇಟರ್. ಫ್ಲಾರಿಡಾದ ಯಾವ ಸಿಹಿನೀರಿನಲ್ಲಿಯೂ ಅದು ಇರಬಹುದೆಂದೇ ತಿಳಿಯಬೇಕು. ಈಜಲು ಗುರುತು ಮಾಡಿದ ಜಾಗದಲ್ಲಿ, ಹಗಲು ಹೊತ್ತಿನಲ್ಲಿ ಮಾತ್ರ ಈಜಬೇಕು. ಮುಸ್ಸಂಜೆ, ರಾತ್ರಿ, ನಸುಕಿನಲ್ಲಿ ದಂಡೆಗೂ ಹೋಗಬಾರದು.

ಹಿತ್ತಲಗಿಡ (ಆಗಸ್ಟ್ 8)

ಒಂದು ದಿನದ ಪ್ರವಾಸಕ್ಕೆ ನನ್ನ ಮೊದಲ ಆಯ್ಕೆ ಬ್ಲೂ ಸ್ಪ್ರಿಂಗ್. ಚಳಿಗಾಲದಲ್ಲಿ ಸೇಂಟ್ ಜಾನ್ಸ್ ನದಿಯ ನೀರು ತಣ್ಣಗಾದಾಗ ಮ್ಯಾನಟೀ ಎಂಬ ಕಡಲಹಸುಗಳು ಬೆಚ್ಚನೆಯ ಬುಗ್ಗೆಯ ಕಾಲುವೆಗೆ ನೂರಾರು ಸಂಖ್ಯೆಯಲ್ಲಿ ಬಂದು ಸೇರುತ್ತವೆ. ಚಳಿ ಹೆಚ್ಚಿದಷ್ಟೂ ಅವುಗಳ ಸಂಖ್ಯೆ ಹೆಚ್ಚು; ಆದ್ದರಿಂದ ಆ ಐದು ದಿನಗಳಲ್ಲಿ ಅತ್ಯಂತ ತಣ್ಣನೆಯ ಬೆಳಿಗ್ಗೆಯನ್ನು ಇದಕ್ಕೆ ಮೀಸಲಿಡಿ. ವಾಹನಗಳು ತುಂಬಿದ ಕೂಡಲೇ ಗೇಟು ಮುಚ್ಚುತ್ತಾರೆ, ಬಾಗಿಲು ತೆರೆಯುವ ಹೊತ್ತಿಗೇ ತಲುಪಿರಿ. ಮರದ ಹಲಗೆಯ ಕಾಲುದಾರಿ ಇರುವುದರಿಂದ ಹಿರಿಯರಿಗೆ ಅನುಕೂಲ.

ಎರಡನೆಯದು ಸಿಲ್ವರ್ ಸ್ಪ್ರಿಂಗ್ಸ್‌ನ ಗಾಜಿನ ತಳದ ದೋಣಿ. ಈ ದೋಣಿವಿಹಾರಕ್ಕೆ ಹತ್ತೊಂಬತ್ತನೆಯ ಶತಮಾನದಿಂದ ಬಂದ ಇತಿಹಾಸವಿದೆ. ಅಲ್ಲಿ ಅಪ್ಪಯ್ಯನವರಿಗೆ ಒಂದು ತಮಾಷೆ ಕಾದಿದೆ. 1930ರ ದಶಕದಲ್ಲಿ ದೋಣಿ ಪ್ರವಾಸ ನಡೆಸುತ್ತಿದ್ದವರೊಬ್ಬರು ಪ್ರೇಕ್ಷಕರನ್ನು ಸೆಳೆಯಲು ಕೆಲವು ರೀಸಸ್ ಕೋತಿಗಳನ್ನು ತಂದು ನದಿಯ ನಡುವಿನ ದ್ವೀಪದಲ್ಲಿ ಬಿಟ್ಟರು. ಕೋತಿಗಳಿಗೆ ಈಜು ಬರುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ. ಅವು ಈಜಿ ದಡ ಸೇರಿ ಕಾಡಾಡಿಗಳಾದವು. ಅವುಗಳ ಸಂತತಿ ಇಂದಿಗೂ ನದಿಯ ಇಕ್ಕೆಲಗಳಲ್ಲಿದೆ. ಅದು ನಮ್ಮ ಉತ್ತರ ಭಾರತದ ಕೋತಿಯ ಜಾತಿಯೇ. ಮನುಷ್ಯರಿಗೆ ಅಪಾಯಕಾರಿಯಾದ ಹರ್ಪಿಸ್ ಬಿ ವೈರಾಣು ಅವುಗಳಲ್ಲಿ ಕೆಲವಕ್ಕೆ ಇರುವುದು ಪತ್ತೆಯಾಗಿದೆ. ಹತ್ತಿರ ಹೋಗಬಾರದು, ಆಂಜನೇಯನೆಂದು ಬಾಳೆಹಣ್ಣು ಕೊಡಲೇಬಾರದು.

ಇವೆರಡೇ ಸಾಕು. ಮೂರನೆಯದನ್ನು ಸೇರಿಸಿದರೆ ಟ್ಯಾಂಪಾವಾಸಿಯವರು ಮತ್ತೆ ಬೈಯುತ್ತಾರೆ.

ಮೂವತ್ತು_ಆಂಪ್ (ಆಗಸ್ಟ್ 8)

ಸೌದೆಯನ್ನು ಅಟ್ಲಾಂಟಾದಿಂದ ಹೊತ್ತುಕೊಂಡು ಹೋಗಬೇಡಿ. ಸೌದೆಯೊಳಗಿನ ಕೀಟಗಳು ಅಲ್ಲಿನ ಮರಗಳಿಗೆ ರೋಗ ತರುತ್ತವೆ. ಕ್ಯಾಂಪಿನ ಬಳಿಯಲ್ಲೇ ಕೊಳ್ಳಿ. ಕಾಡಿನ ಒಳಗೆ ಮೊಬೈಲ್ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ನಕ್ಷೆಗಳನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಹಿರಿಯರ ಔಷಧಿಗಳ ಪಟ್ಟಿ ಮತ್ತು ಪ್ರವಾಸಿ ವಿಮೆಯ ಕಾಗದ ಕೈಗೆ ಸಿಗುವಲ್ಲಿ ಇರಲಿ.

ಶಿರಸಿಮೂಲ (ಆಗಸ್ಟ್ 18)

ಭಾನುವಾರದಿಂದ ಶುಕ್ರವಾರದವರೆಗೆ ಸಾಲ್ಟ್ ಸ್ಪ್ರಿಂಗ್ಸ್‌ನಲ್ಲಿ ಫುಲ್ ಹುಕಪ್ ಸೈಟು ಸಿಕ್ಕಿತು. ನನ್ನ ಪಟ್ಟಿಯ ಮೊದಲ ಮೂರು ಕಣ್ಣೆದುರೇ ಹೋದವು, ನಾಲ್ಕನೆಯದು ಕೈಗೆ ಬಂತು. 26 ಅಡಿಯ ಟ್ರೇಲರ್, ಮಾಲೀಕರೇ ತಂದು ನಿಲ್ಲಿಸುತ್ತಾರೆ. ಪರಸ್ಥಳದವರು ಗಾಡಿ ತಂದು ನಿಲ್ಲಿಸಲು ಕ್ಯಾಂಪಿನವರು ಒಪ್ಪಿದ್ದಾರೆ, ಆದರೆ ಆ ಹೊತ್ತಿಗೆ ನಾನು ಅಲ್ಲಿರಬೇಕೆಂದಿದ್ದಾರೆ.

ಶಿರಸಿಮೂಲ (ಫೆಬ್ರವರಿ 23)

ಹೋಗಿಬಂದೆವು. ಸಹಾಯ ಮಾಡಿದವರೆಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಮೊದಲ ರಾತ್ರಿಯೇ ಬ್ರೇಕರ್ ಬಿತ್ತು. ಹೀಟರ್ ಓಡುತ್ತಿತ್ತು, ಹೆಂಡತಿ ಕೆಟಲ್ ಹಾಕಿದ್ದಳು, ಮಗ ಪಾಪ್‌ಕಾರ್ನ್ ಎಂದು ಮೈಕ್ರೋವೇವ್ ಒತ್ತಿದ. ಕತ್ತಲಾದ ಕೂಡಲೇ ಆಯಿ, "ಕರೆಂಟು ಹೋಯಿತೇ? ಇಲ್ಲೂ?" ಎಂದು ಕೇಳಿದರು, ಅವರ ದನಿಯಲ್ಲಿ ಸ್ವಲ್ಪ ಸಂತೋಷವೇ ಇತ್ತೆಂದು ನನಗೆ ಅನುಮಾನ. ಮಾರನೆಯ ದಿನ ಮಗಳು "ಒಮ್ಮೆಗೆ ಎರಡೇ" ಎಂದು ಕನ್ನಡದಲ್ಲಿ ಬರೆದು ಮೈಕ್ರೋವೇವ್ ಬಾಗಿಲಿಗೆ ಅಂಟಿಸಿದಳು.

ಕವಾಟದ ನಿಯಮ ಪಾಲಿಸಿದೆವು. ಆದರೂ ಗುರುವಾರದ ಹೊತ್ತಿಗೆ ಬ್ಲ್ಯಾಕ್ ಟ್ಯಾಂಕಿನ ಅಳತೆ ದೀಪ ಖಾಲಿಯಿದ್ದರೂ ತುಂಬಿದೆಯೆಂದೇ ತೋರಿಸುತ್ತಿತ್ತು. ಮಾಲೀಕರಿಗೆ ಫೋನ್ ಮಾಡಿದರೆ, ಅದು ಯಾವಾಗಲೂ ಹಾಗೆಯೇ ಎಂದರು. ಇದನ್ನು ಮೊದಲೇ ಹೇಳಬಹುದಿತ್ತು.

ಬುಧವಾರ ಬೆಳಿಗ್ಗೆ ಹೊರಗಿನ ಉಷ್ಣತೆ 3 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಹಿತ್ತಲಗಿಡ ಅವರ ಮಾತಿನಂತೆ ಆ ದಿನವೇ ಬ್ಲೂ ಸ್ಪ್ರಿಂಗ್‌ಗೆ ಹೊರಟು, ಗೇಟು ತೆರೆಯುವ ಮುಂಚೆ ಸಾಲಿನಲ್ಲಿ ಹನ್ನೊಂದನೆಯವರಾಗಿ ನಿಂತೆವು. ಕಾಲುವೆಯ ತುಂಬ ಬೂದುಬಣ್ಣದ ಬೆನ್ನುಗಳು. ಆಯಿ ಬಹಳ ಹೊತ್ತು ನೋಡಿ, "ಕೆರೆಯಲ್ಲಿ ಎಮ್ಮೆ ಬಿದ್ದುಕೊಂಡ ಹಾಗೇ ಇದೆ" ಎಂದರು. ಮಕ್ಕಳು ನಕ್ಕರು, ನನಗಂತೂ ಆಮೇಲೆ ಅವು ಎಮ್ಮೆಗಳಾಗಿಯೇ ಕಂಡವು.

ಸಿಲ್ವರ್ ಸ್ಪ್ರಿಂಗ್ಸ್‌ಗೆ ಹೋಗಲೇ ಇಲ್ಲ. ಕಾರಣ ಫರ್ನ್ ಹ್ಯಾಮಕ್. ಸೋಮವಾರ ಅಲ್ಲಿಗೆ ಕರೆದುಕೊಂಡು ಹೋದಾಗ ಅಪ್ಪಯ್ಯ ಸೇತುವೆಯ ಕಂಬಿಗೆ ಮೊಣಕೈ ಊರಿ ನಿಂತವರು ಅಲುಗಾಡಲಿಲ್ಲ. ತಳದಲ್ಲಿ ಮರಳು ಉಕ್ಕುವ ಕಡೆಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು. ಒಂದು ನಿಂತಂತಾಗಿ ಪಕ್ಕದಲ್ಲಿ ಇನ್ನೊಂದು ಏಳುವುದರಿಂದ ಲೆಕ್ಕ ತಪ್ಪುತ್ತಿತ್ತು. ತೋಟದ ಮೇಲ್ಗಡೆ ಅವರ ಅಜ್ಜನ ಕಾಲದಲ್ಲಿ ಇದ್ದು ಈಗ ಬತ್ತಿಹೋದ ಒರತೆಯ ಬಗ್ಗೆ, ನಾನು ಹುಟ್ಟಿ ಬೆಳೆದ ಮನೆಯಲ್ಲಿ ಒಮ್ಮೆಯೂ ಕೇಳದ ವಿಷಯಗಳನ್ನು, ಮೊಮ್ಮಗಳಿಗೆ ಅಲ್ಲಿ ನಿಂತು ಹೇಳಿದರು. ಮಂಗಳವಾರವೂ ಗುರುವಾರವೂ ಅಲ್ಲಿಗೇ ಹೋಗಬೇಕೆಂದರು, ಹೋದೆವು. ಗುರುವಾರ ಮಡಚುವ ಕುರ್ಚಿ ಒಯ್ದಿದ್ದೆವು. ಮಧ್ಯಾಹ್ನ ಪೈನ್‌ಕ್ಯಾಸಲ್ ಕಡೆಯಿಂದ ಎರಡು ಸಲ ಗುಡುಗಿದ್ದು ಕೇಳಿಸಿತು. ಅಪ್ಪಯ್ಯ ತಲೆ ಎತ್ತಿ ಆಕಾಶ ನೋಡಿ, "ಮಳೆಯೇನೂ ಬರುವುದಿಲ್ಲ" ಎಂದು ಮತ್ತೆ ನೀರು ನೋಡತೊಡಗಿದರು.

ಅಜ್ಜಿಮನೆ (ಫೆಬ್ರವರಿ 23)

ಓದಿ ಬಹಳ ಸಂತೋಷವಾಯಿತು. ರಂಗೋಲಿಯ ಕಥೆ ಏನಾಯಿತು?

ಶಿರಸಿಮೂಲ (ಫೆಬ್ರವರಿ 24)

ಅಕ್ಕ, ಸೀಮೆಸುಣ್ಣ ಮರಳಿನ ಮೇಲೆ ಹಿಡಿಯಲಿಲ್ಲ. ಆಯಿ ಪೈನ್ ಮರದ ಒಣ ಕಾಯಿಗಳನ್ನು ಆಯ್ದು ತಂದು ಬಾಗಿಲ ಮುಂದೆ ಸಾಲಾಗಿ ಜೋಡಿಸಿ ಒಂದು ಆಕಾರ ಮಾಡಿದರು. ಹೊರಡುವ ದಿನ ಅವನ್ನೆಲ್ಲ ಮತ್ತೆ ಮರದ ಬುಡಕ್ಕೆ ಹಾಕಿದರು.

ಟ್ಯಾಂಪಾವಾಸಿ (ಫೆಬ್ರವರಿ 24)

ಮುಂದೆ ಹೋಗುವವರಿಗೆ ಅನುಕೂಲವಾಗಲಿ, ನಿಮ್ಮ ಸೈಟಿನ ಸಂಖ್ಯೆಯನ್ನು ಇಲ್ಲಿ ಬರೆದುಬಿಡಿ.

ಶಿರಸಿಮೂಲ (ಫೆಬ್ರವರಿ 24)

ಸರ್, ಮಿಕ್ಕ ಏನನ್ನಾದರೂ ಕೇಳಿ, ಹೇಳುತ್ತೇನೆ. ಸೈಟಿನ ಸಂಖ್ಯೆಯನ್ನು ಮಾತ್ರ ಆಗಸ್ಟ್‌ನಲ್ಲಿ ಬುಕಿಂಗ್ ಮುಗಿದ ಮೇಲೆ ಹೇಳುತ್ತೇನೆ.